ದೀಪಕ್ಕೆ ಹಿಡಿದ ಮೊಟ್ಟೆ

"ಏಯ್ ಒಕ್ಕಣ್ಣಿ! ಎರಡು ಕಣ್ಣಿರೋ ಮುಂಡೇವೇ ಕೊಳೆತಿದ್ದನ್ನ ಬಿಟ್ಬಿಡ್ತಾವೆ. ನಿನ್ನ ಒಂದು ಕಣ್ಣನ್ನ ನಂಬ್ಕೊಂಡ್ರೆ ನನ್ನ ಕಾವು ಕೊಡೋ ಮಷೀನೆಲ್ಲ ಗಬ್ಬು ನಾರುತ್ತೆ!"

ಧಣಿ ಬಾಗಿಲಲ್ಲೇ ನಿಂತು ಕೂಗಿದ. ಒಳಗೆ ಬರಲಿಲ್ಲ. ಮರಿ ಮಾಡಿಸುವ ಕೋಣೆಯ ಸೆಕೆ ಅವನಿಗೆ ಆಗುವುದಿಲ್ಲ. ನಮಗೆ ಆಗುತ್ತದೆ ಎಂದು ಯಾರು ಹೇಳಿದರೋ.

ಕಿಟಕಿಯಿಲ್ಲದ ಕತ್ತಲೆ ಕೋಣೆ. ಒಬ್ಬೊಬ್ಬರ ಮುಂದೆಯೂ ತಗಡಿನ ಡಬ್ಬಿ, ಅದರೊಳಗೆ ದೀಪ, ಡಬ್ಬಿಗೊಂದು ತೂತು. ತೂತಿಗೆ ಮೊಟ್ಟೆ ಹಿಡಿಯಬೇಕು. ಜೀವವಿದ್ದರೆ ಒಳಗೆ ಜೇಡನ ಕಾಲಿನಂತೆ ಕೆಂಪು ನರ ಹರಡಿರುತ್ತದೆ, ಅದು ಟ್ರೇಗೆ. ಇಲ್ಲದ್ದು ಬಕೆಟ್ಟಿಗೆ. ಬೆಳಗಿನಿಂದ ಇದೇ. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಮೊಟ್ಟೆಗಳೇ ಸಾಲುಗಟ್ಟುತ್ತವೆ.

ಧಣಿ ಬೈದದ್ದು ನಾವೆಲ್ಲ ಅಕ್ಕ ಎನ್ನುವವಳನ್ನು. ಅವಳ ಎಡಗಣ್ಣು ಕುಗ್ಗಿ ಒಣಗಿಹೋಗಿದೆ. ಕೂಸಾಗಿದ್ದಾಗ ಹುಂಜ ಕುಕ್ಕಿತು ಅಂತ ಅವಳವ್ವ ಹೇಳಿದ್ದಳು, ನಾವೂ ನಂಬಿದ್ದೆವು. "ಹುಂಜದ ಮೇಲೆ ಸೇಡು ತೀರಿಸ್ಕೊಳ್ಳೋಕೇ ಇಲ್ಲಿ ಬಂದು ಸೇರಿದ್ಯೇನೇ?" ಎಂದು ನಮ್ಮ ಮುದುಕಿ, ಬಕೆಟ್ಟಿನ ಪಕ್ಕ ಕೂರುವವಳು, ಛೇಡಿಸುತ್ತಿದ್ದಳು.

ಅಕ್ಕನ ದೊಡ್ಡ ಮಗಳು ಇದೇ ಕೋಣೆಯಲ್ಲಿ ಅಂಬೆಗಾಲಿಟ್ಟವಳು. ದೀಪದ ಬೆಳಕು ಬಿದ್ದಾಗ ಅವಳ ಒಂದು ಕಣ್ಣು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುತ್ತಿತ್ತು. ಎಷ್ಟು ಚೆಂದ ಅಂತ ನಾವೇ ಚುಕ್ಕಿ ಎಂದು ಹೆಸರಿಟ್ಟೆವು. ದಿನವಿಡೀ ದೀಪಕ್ಕೆ ಹಿಡಿದು ಒಳಗಿನದನ್ನು ಆರಿಸುವವರು ನಾವು. ಹೊಳೆಯುತ್ತಿದ್ದುದು ಗಡ್ಡೆ. ಧಣಿ ರಜೆ ಕೊಡುವ ಹೊತ್ತಿಗೆ ಕಣ್ಣನ್ನೇ ತೆಗೆಯಬೇಕಾಯಿತು.

ಈಗ ಎರಡನೆಯದು, ಒಂದು ತಿಂಗಳಿನ್ನೂ ತುಂಬದ ಗಂಡು ಕೂಸು, ಅಕ್ಕನ ಕಾಲ ಬಳಿ ಮೊಟ್ಟೆಯ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿತ್ತು.

"ಡಾಕ್ಟ್ರಮ್ಮ ಏನಂದ್ರೇ?" ಮುದುಕಿ ಕೇಳಿದಳು.

"ಗಡ್ಡೆ ಬೆಳೀದಂಗೆ ತಡೆಯೋಕೆ ಮೈಯ ಕಣಕಣದಲ್ಲೂ ಎರಡು ಚಿಲಕ ಇರ್ತಾವಂತೆ ಅಜ್ಜಿ. ಜೀನು ಅಂತಾರಂತೆ. ಅಪ್ಪಂದೊಂದು, ಅವ್ವಂದೊಂದು. ಒಂದು ಮುರಿದ್ರೂ ಇನ್ನೊಂದು ಬಾಗಿಲು ಹಿಡ್ಕೊಂಡಿರುತ್ತೆ. ಎಷ್ಟೋ ಮಕ್ಕಳಿಗೆ ಎರಡೂ ಆಮೇಲೆ, ಕಣ್ಣೊಳಗೇ, ತಾವಾಗೇ ಮುರೀತಾವೆ. ಅದು ಯಾರಿಂದ್ಲೂ ಬಂದಿದ್ದಲ್ಲ." ಅಕ್ಕ ಮೊಟ್ಟೆಯೊಂದನ್ನು ಟ್ರೇಗಿಟ್ಟಳು. "ಚುಕ್ಕೀದು ಹಂಗಲ್ಲ. ಹುಟ್ಟೋವಾಗ್ಲೇ ಒಂದು ಮುರಿದಿತ್ತು. ನಾನು ಕೊಟ್ಟಿದ್ದು. ರಕ್ತ ಪರೀಕ್ಷೇಲಿ ಸಿಕ್ತು. ಇನ್ನೊಂದು ಆಮೇಲೆ ಕಣ್ಣೊಳಗೇ ಮುರೀತು."

"ನಿಂಗೆ ಹುಂಜ..."

"ಯಾವ ಹುಂಜಾನೂ ಇಲ್ಲ. ನಂದೂ ಅದೇ ಗಡ್ಡೆ. ತಾನಾಗೇ ಒಣಗ್ತಂತೆ."

ಮುದುಕಿ ಕೈಯಲ್ಲಿದ್ದ ಮೊಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. "ಪಾಪ, ಆ ಹುಂಜಾನ ಎಷ್ಟು ವರ್ಷ ಬೈದ್ವಲ್ಲೇ," ಎಂದಳು. ಯಾರೋ ನಕ್ಕರು, ಅಕ್ಕನೂ ನಕ್ಕಳು.

"ಇವನಿಗೂ ಇರಬಹುದು, ಇಲ್ದೇನೂ ಇರಬಹುದು. ಅರ್ಧಕ್ಕರ್ಧ. ಇವತ್ತು ಮಧ್ಯಾಹ್ನ ನೋಡ್ತಾರೆ. ಸಣ್ಣ ಚುಕ್ಕೆ ಇದ್ದಾಗ್ಲೇ ಸಿಕ್ಕಿದ್ರೆ ಗಡ್ಡೇನ ಸುಟ್ಟು ಕಣ್ಣು ಉಳಿಸ್ತಾರಂತೆ. ಇವತ್ತು ತಪ್ಪಿದ್ರೆ ಮತ್ತೆ ನೋಡೋದು ಮುಂದಿನ ತಿಂಗಳೇ." ಅವಳು ಎದ್ದು, ಪೆಟ್ಟಿಗೆಯಿಂದ ಕೂಸನ್ನೆತ್ತಿಕೊಂಡು ಬಾಗಿಲ ಕಡೆ ನಡೆದಳು.

"ಧಣಿ, ಆಸ್ಪತ್ರೆಗೆ ಹೋಗ್ಬೇಕು."

"ಟ್ರೇ ತಣ್ಣಗಾದ್ರೆ ನಿಮ್ಮಪ್ಪ ಬಂದು ಕಾವು ಕೂರ್ತಾನಾ? ಎಲ್ಲಾ ಮುಗಿಸಿ ಸಾಯಿ."

"ಅಷ್ಟೊತ್ತಿಗೆ ಡಾಕ್ಟ್ರು ಹೋಗಿರ್ತಾರೆ ಧಣಿ. ಕೂಸಿನ ಕಣ್ಣು..."

"ನಿನ್ನಿಂದ್ಲೇ ಬಂದಿದ್ದಂತಲ್ಲ, ಕೇಳಿಸ್ತು. ಮೊಟ್ಟೇಲೇ ಕೆಟ್ಟಿದೆ ಅಂದ್ಮೇಲೆ ನೋಡಿಸೋದೇನು? ಕೆಟ್ಟಿದ್ದನ್ನ ಇಲ್ಲಿ ಏನ್ ಮಾಡ್ತೀವಿ? ಹೇಳು. ಬಕೆಟ್ಟಿಗೆ ಎಸೀತೀವಿ."

ನಮ್ಮ ಕೈಗಳು ನಿಂತವು. ಹತ್ತಾರು ಮೊಟ್ಟೆಗಳು ತೂತುಗಳ ಮುಂದೆ ಹಾಗೇ ಕೆಂಪಗೆ ಬೆಳಗುತ್ತಿದ್ದವು.

ಅಕ್ಕ ಅಳಲಿಲ್ಲ. ಅಳುವುದಕ್ಕೂ ಕಸುವು ಬೇಕು. "ದೀಪಕ್ಕೆ ಹಿಡೀದೇನೇ ಯಾವ ಮೊಟ್ಟೇನೂ ಎಸೆಯಲ್ಲ ಧಣಿ," ಎಂದಳು. "ಹತ್ತು ವರ್ಷದಲ್ಲಿ ಹಂಗೆ ಒಂದನ್ನೂ ಎಸೆದಿಲ್ಲ." ಸೆರಗಿನಲ್ಲಿ ಕೂಸಿನ ಮುಖ ಮುಚ್ಚಿ, ಬಾಗಿಲಲ್ಲಿದ್ದ ಧಣಿಯನ್ನು ದಾಟಿಕೊಂಡು ಹೊರಗೆ ಹೋದಳು.

"ಹೋಗು! ನಾಳೆ ಈ ಕಡೆ ಕಾಲಿಟ್ರೆ ನೋಡು! ಏಯ್, ಯಾರಾದ್ರೂ ಅವಳ ದೀಪಕ್ಕೆ ಕೂತ್ಕೊಳ್ರೇ!"

ತಕ್ಷಣ ಯಾರೂ ಏಳಲಿಲ್ಲ. ಮುದುಕಿ ಮಂಡಿ ಹಿಡಿದುಕೊಂಡು ಎದ್ದು ಅಕ್ಕನ ಡಬ್ಬಿಯವರೆಗೆ ನಡೆದಳು. ಸದ್ಯ, ಒಬ್ಬಳಾದರೂ ಎದ್ದಳು ಎಂಬಂತೆ ಧಣಿ ಉಸಿರುಬಿಟ್ಟ. ಅವಳು ಸ್ವಿಚ್ಚು ಒತ್ತಿ ದೀಪ ಆರಿಸಿದಳು. ವಾಪಸು ಬಂದು ತನ್ನದನ್ನೂ ಆರಿಸಿದಳು. ಆಮೇಲೆ ನನ್ನ ಪಕ್ಕದವಳು. ಆಮೇಲೆ ನಾನು, ಉಳಿದವರೂ. ಬಾಗಿಲ ಹತ್ತಿರದವಳು ಕಾಲಿನಿಂದ ಕದ ತಳ್ಳಿ ಮುಚ್ಚಿದಳು.

"ಯಾವಳೇ ಅದು! ಹಚ್ರೇ ದೀಪಾನ, ಬೋಳಿಮುಂಡೇವಾ! ಮೊಟ್ಟೆ ತಣ್ಣಗಾಗ್ತವೆ!" ಕದ ತಳ್ಳಿಕೊಂಡು ಅವನು ಕೊನೆಗೂ ಒಳಗೆ ಬಂದ. ಕದ ಹಿಂದಿನಿಂದ ಮುಚ್ಚಿಕೊಂಡಿತು.

"ಹುಷಾರು ಧಣಿ," ಮುದುಕಿಯ ದಣಿದ ದನಿ ಬಂತು. "ಇಲ್ಲೀಗ ಯಾರಿಗೂ ಒಂದು ಕಣ್ಣೂ ಇಲ್ಲ."

ಅವನ ಕಾಲಿಗೆ ಏನೋ ತಗುಲಿತು. ಒಂದು ಮೊಟ್ಟೆ ಉರುಳುತ್ತಾ ಹೋಗಿ ಎಲ್ಲೋ ಟಪ್ಪೆಂದು ಒಡೆಯಿತು. ಅದು ಒಳ್ಳೆಯದೋ ಕೆಟ್ಟದ್ದೋ ನೋಡಲು ಯಾರೂ ದೀಪ ಹಚ್ಚಲಿಲ್ಲ.