ನಾಲ್ಕು ಬೆರಳಿನ ಹೆಜ್ಜೆ

"ಎಡಗಾಲಿಗೆ ಬೇಡ ಅಜ್ಜಿ. ಬೇಕಾದ್ರೆ ಬಲಗಾಲಿಗೇ ಎರಡೂ ಹಾಕು," ಎಂದಳು ಪುಟ್ಟಿ, ಕಾಲನ್ನು ಕುರ್ಚಿಯ ಕೆಳಗೆ ಅಡಗಿಸಿಕೊಂಡು.

ಬೂಟಮ್ಮನಿಗೆ ನಗು ಬಂತು. ಆದರೆ ಅದು ನಗುವ ಹೊತ್ತಾಗಿರಲಿಲ್ಲ. ಹನ್ನೊಂದಕ್ಕೆ ಟಿವಿಯವರು ಬರುವವರಿದ್ದರು, ಅವರ ಜೊತೆ ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ಬೇರೆ. ಹೆಜ್ಜೆಗುರುತಿನ ಕಲ್ಲಿಟ್ಟಿದ್ದ ಭವನದ ನೆಲ ಇನ್ನೂ ಒರೆಸಿರಲಿಲ್ಲ. ಅವಳು ಮೊಮ್ಮಗಳ ಕಾಲನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು ಕಾಲುಚೀಲ ತೂರಿಸಿದಳು. ಆ ಕಾಲಿನ ಎರಡನೆಯ ಬೆರಳೂ ಮೂರನೆಯ ಬೆರಳೂ ಉಗುರಿನ ತನಕ ಒಂದೇ ತೊಗಲಿನಲ್ಲಿ ಕೂಡಿಕೊಂಡಿದ್ದವು. ಸುಮ್ಮನೆ ನೋಡಿದವರು ನಾಲ್ಕೇ ಬೆರಳು ಎನ್ನಬೇಕು. ಬಲಗಾಲು ಮಾತ್ರ ಎಲ್ಲರ ಕಾಲಿನ ಹಾಗಿತ್ತು.

"ಕಾಲು ಬೇಯ್ತಾ ಇದೆ ಅಜ್ಜಿ."

"ಬೇಯ್ಲಿ. ಸಂಜೆ ಬಿಚ್ಚೋಣ."

"ನಿನ್ನ ಕಾಲು ಬೇಯಲ್ವಾ?"

"ನನ್ನದು ಬೆಂದು ಮುಗಿದಿದೆ, ಸುಮ್ನಿರು."

ಸುಳ್ಳೇನಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ಕ್ಯಾನ್ವಾಸ್ ಶೂ ಹಾಕಿಕೊಂಡೇ ಭವನದ ಕಸ ಗುಡಿಸಿದ್ದಳು, ಬೀಗ ತೆಗೆದಿದ್ದಳು, ಬೀಗ ಹಾಕಿದ್ದಳು. ನೆಲ ಒರೆಸುವಾಗಲೂ ಶೂ, ಸುಡುವ ಬೇಸಿಗೆಯಲ್ಲೂ ಶೂ. ಕೇಳಿದವರಿಗೆ ವಾತದ ಕಾಲು ಎನ್ನುತ್ತಿದ್ದಳು. ಕಲ್ಲು ನೋಡಲು ಬರುತ್ತಿದ್ದ ಶಾಲೆಯ ಮಕ್ಕಳು ಇಟ್ಟ ಹೆಸರು ಬೂಟಮ್ಮ. ಹುಟ್ಟಿದಾಗ ಇಟ್ಟ ಹೆಸರು ಅವಳಿಗೇ ಮರೆತುಹೋಗುವಷ್ಟು ಅದು ಅಂಟಿಕೊಂಡಿತ್ತು. ಭವನದ ಹಿಂದಿನ ಒಂದು ಕೋಣೆಯೇ ಅವಳ ಮನೆ. ಗಂಡ ಸತ್ತ ವರ್ಷ ಈ ಕೆಲಸವನ್ನೂ ಈ ಕೋಣೆಯನ್ನೂ ಕೊಟ್ಟವರು ಮೇಷ್ಟ್ರು.

ಮೇಷ್ಟ್ರು ಭೂಗೋಳ ಕಲಿಸುತ್ತಿದ್ದವರು. ಎಲ್ಲಿಂದಲೋ ವರ್ಗವಾಗಿ ಬಂದವರು. ಒಂದು ದಿನ ಮಕ್ಕಳನ್ನು ಕಲ್ಲು ಮಣ್ಣು ತೋರಿಸಲು ಊರ ಹೊರಗೆ ಕರೆದುಕೊಂಡು ಹೋದಾಗ, ಹುಲ್ಲು ಬೆಳೆದ ದಿಬ್ಬವೊಂದರ ಮಗ್ಗುಲು ಕುಸಿದು, ಬೂದು ಬಣ್ಣದ ಕಲ್ಲಿನ ಮೇಲೆ ಒಂದು ಹೆಜ್ಜೆಗುರುತು ಕಂಡಿತು. ಎಡಗಾಲು. ಚಿಕ್ಕದು. ನಾಲ್ಕು ಬೆರಳು. ಮೇಷ್ಟ್ರು ಆ ರಾತ್ರಿ ನಿದ್ದೆ ಮಾಡಲಿಲ್ಲವಂತೆ. ಆಮೇಲೆ ಹುಟ್ಟಿದ್ದು ಅವರ ವಾದ. ಮನುಷ್ಯ ಮಂಗನಿಂದ ಬಂದವನಲ್ಲ. ಹತ್ತು ಕೋಟಿ ವರ್ಷದ ಹಿಂದೆಯೇ ಮೂರಡಿ ಎತ್ತರದ, ನಾಲ್ಕು ಬೆರಳಿನ ಮನುಷ್ಯ ಈ ನೆಲದ ಮೇಲೆ ನೆಟ್ಟಗೆ ನಡೆದಾಡುತ್ತಿದ್ದ. ಶಾಲೆಯ ಪುಸ್ತಕಗಳನ್ನೆಲ್ಲ ಮತ್ತೆ ಬರೆಯಬೇಕು. ಊರಿನವರಿಗೆ ಇದು ಬಹಳ ಹಿಡಿಸಿತು. ಮಂಗನ ಮೊಮ್ಮಕ್ಕಳಾಗುವುದು ಯಾರಿಗೆ ತಾನೆ ಇಷ್ಟ? ಕಲ್ಲನ್ನು ಕಿತ್ತು ತಂದು ಅದರ ಸುತ್ತ ಭವನ ಕಟ್ಟಿಸಿದರು. ಇನ್ನೊಂದು ಕಾಲು ಎಲ್ಲಿ ಎಂದು ಯಾರಾದರೂ ಕೇಳಿದರೆ, "ಅದು ಇನ್ನೂ ಭೂಮಿಯ ಹೊಟ್ಟೆಯಲ್ಲಿದೆ" ಎಂದು ಮೇಷ್ಟ್ರು ಗಂಭೀರವಾಗಿ ಹೇಳುತ್ತಿದ್ದರು.

ವಿದ್ವಾಂಸರು ಮಾತ್ರ ತಿರುಗಿಯೂ ನೋಡಲಿಲ್ಲ. ಬರೆದ ಕಾಗದಕ್ಕೆ ಉತ್ತರವಿಲ್ಲ. ಒಬ್ಬರಂತೂ ಪತ್ರಿಕೆಯಲ್ಲಿ ಹಾಸ್ಯ ಮಾಡಿದರು. "ಬಂದು ನೋಡಿ ಬೈಯ್ಲಿ, ಬೇಡ ಅನ್ನಲ್ಲ. ನೋಡ್ದೇ ಬೈಯ್ತಾರಲ್ಲ," ಎಂದು ಮೇಷ್ಟ್ರು ಬೂಟಮ್ಮನ ಮುಂದೆ ಅದೆಷ್ಟು ಸಲ ಹೇಳಿಕೊಂಡಿದ್ದರೋ. ಆ ಇಪ್ಪತ್ತೆರಡು ವರ್ಷದ ಕಾಯುವಿಕೆ ಇವತ್ತು ಮುಗಿಯುವುದಿತ್ತು.

ಬೂಟಮ್ಮ ಆ ಕಲ್ಲನ್ನು ನೋಡಿದ್ದು ಕೆಲಸಕ್ಕೆ ಸೇರಿದ ಮೊದಲ ದಿನ, ಬರಿಗಾಲಿನಲ್ಲಿ, ಕೈಯಲ್ಲಿ ಪೊರಕೆ ಹಿಡಿದುಕೊಂಡು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆ ದಿಬ್ಬದ ಜಾಗದಲ್ಲಿ ಒಂದು ಕಾಲಕ್ಕೆ ಸುಣ್ಣದ ಗೂಡಿತ್ತು. ಅವಳ ಅಮ್ಮ ಅಲ್ಲಿ ಸುಣ್ಣ ಹೊರುತ್ತಿದ್ದಳು. ಉಳಿದ ಸುಣ್ಣದ ನೀರು, ಕಲ್ಲಿನ ಪುಡಿ ಎಲ್ಲ ಸೇರಿದ ಕೆಸರನ್ನು ಪಕ್ಕದ ಗುಂಡಿಗೆ ಬಿಡುತ್ತಿದ್ದರು. ಅದು ನಾಲ್ಕು ದಿನಕ್ಕೆ ಹೆಪ್ಪುಗಟ್ಟಿ, ವರ್ಷ ಕಳೆದರೆ ಕಲ್ಲಾಗುತ್ತಿತ್ತು. ಆರು ವರ್ಷದ ಹುಡುಗಿಯೊಬ್ಬಳು ಅದರೊಳಗೆ ಒಂದೇ ಒಂದು ಹೆಜ್ಜೆ ಇಟ್ಟಿದ್ದಳು. ಗೂಡು ಮುಚ್ಚಿ, ಇಟ್ಟಿಗೆಗಳನ್ನು ಜನ ಹೊತ್ತುಕೊಂಡು ಹೋಗಿ, ಅಲ್ಲಿ ದುಡಿದವರು ದಿಕ್ಕಾಪಾಲಾಗಿ, ಊರಿನವರಿಗೂ ಅದು ಮರೆತುಹೋದ ಮೇಲೆ ಮೇಷ್ಟ್ರು ಊರಿಗೆ ಬಂದದ್ದು. ಹತ್ತು ಕೋಟಿ ವರ್ಷ ಹಳೆಯ ಹೆಜ್ಜೆ ಗಾಜಿನೊಳಗೆ ಕೂತಿತ್ತು. ಆ ಹೆಜ್ಜೆ ಇಟ್ಟವಳು ಮೂವತ್ತೆರಡರ ವಯಸ್ಸಿನಲ್ಲಿ ಅದರ ಎದುರು ನಿಂತಿದ್ದಳು.

ಮಾರನೆಯ ದಿನವೇ ಶೂ ಕೊಂಡಳು. ಹೇಳಬೇಕೆಂದು ಅವಳಿಗೆ ಇರಲಿಲ್ಲವೆಂದಲ್ಲ. ಮಗಳಿಗೆ ಜ್ವರ ಬಿಡಲಿ ಎಂದುಕೊಂಡಳು. ಅಷ್ಟರಲ್ಲಿ ಮೇಷ್ಟ್ರು ತಮ್ಮ ವಾದವನ್ನೆಲ್ಲ ಬರೆದ ಪುಸ್ತಕ ಅಚ್ಚಾಯಿತು. ಪುಸ್ತಕದ ಗದ್ದಲ ತಣ್ಣಗಾಗಲಿ ಎಂದುಕೊಂಡಳು. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ತೀರಿಕೊಂಡರು, ಮನೆಯಲ್ಲಿ ಯಾರೂ ಇಲ್ಲದ ಆ ಮನುಷ್ಯ ದಿನವಿಡೀ ಭವನದಲ್ಲೇ ಬಂದು ಕೂರತೊಡಗಿದರು. ಅವಳ ಮಗಳಿಗೆ ಓದು ಬರಹ ತಿದ್ದಿಸಿದ್ದೂ ಅಲ್ಲೇ, ಆ ಕಲ್ಲಿನ ಪಕ್ಕದ ಬೆಂಚಿನ ಮೇಲೆ. ಬಾಯಲ್ಲಿಟ್ಟುಕೊಂಡ ಬಿಸಿ ತುಪ್ಪ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಪ್ರತಿ ಸಲ ಜನ ಸೇರಿದಾಗ ಮೇಷ್ಟ್ರು ಮಾತು ಮುಗಿಸುತ್ತಿದ್ದದ್ದು ಒಂದೇ ಪ್ರಶ್ನೆಯಿಂದ: "ಇಂಥ ಪಾದ ಇವತ್ತು ಭೂಮಿ ಮೇಲೆ ಯಾರಿಗಾದರೂ ಇದೆಯೇ? ಇದ್ದರೆ ಕೈ ಎತ್ತಿ!" ಜನ ನಗುತ್ತಿದ್ದರು. ಹಿಂದೆ ಗೋಡೆಗೆ ಒರಗಿ ನಿಂತ ಬೂಟಮ್ಮ ಶೂವಿನೊಳಗೆ ಬೆರಳು ಮಡಚಿಕೊಳ್ಳುತ್ತಿದ್ದಳು.

ಮಗಳ ಕಾಲು ನೆಟ್ಟಗಿತ್ತು. ಸದ್ಯ ಬದುಕಿದೆ ಎಂದುಕೊಂಡಿದ್ದಳು. ಒಂದು ತಲೆಮಾರು ಬಿಟ್ಟು ಅದು ಮೊಮ್ಮಗಳಲ್ಲಿ ಬಂದು ಕೂತಿತು. ಈಗ ಮಗಳು ಎರಡನೆಯ ಹೆರಿಗೆಗೆ ಆಸ್ಪತ್ರೆ ಸೇರಿದ್ದರಿಂದ, ಪುಟ್ಟಿ ಹದಿನೈದು ದಿನಕ್ಕೆಂದು ಇಲ್ಲಿಗೆ ಬಂದಿದ್ದಳು. ಬಂದ ದಿನವೇ ಭವನದ ಗೋಡೆಯ ಮೇಲಿನ ದೊಡ್ಡ ಚಿತ್ರ ನೋಡಿ ಬೆರಳು ಎಣಿಸಿದಳು.

"ಅಜ್ಜಿ, ನನ್ನ ಕಾಲಿನ ಹಾಗೇ ಇದೆ!"

"ಹಾಗೆಲ್ಲ ಅನ್ಬಾರ್ದು."

"ಸ್ಕೂಲಲ್ಲಿ ನನ್ನ ಬಾತುಕೋಳಿ ಅಂತಾರೆ. ಇಲ್ಲಿ ನೋಡು, ಇದು ಮೊದಲನೇ ಮನುಷ್ಯನ ಕಾಲು ಅಂತ ಬರ್ದಿದ್ದಾರೆ. ಹಾಗಾದ್ರೆ ನಾನು ಅವರ ಮನೆಯವಳಾ?"

ಬೂಟಮ್ಮ ಅವಳನ್ನು ಚಿತ್ರದಿಂದ ಈಚೆಗೆ ಎಳೆದುಕೊಂಡಳು. ಅವತ್ತೇ ಸಂಜೆ ಮೊಮ್ಮಗಳಿಗೂ ಒಂದು ಜೊತೆ ಶೂ ತಂದಳು. ಅಂಗಡಿಯಲ್ಲಿ ಅದನ್ನು ಕೈಗೆತ್ತಿಕೊಂಡಾಗ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ತಂದಳು.

ಹತ್ತು ಗಂಟೆಗೆ ಮೇಷ್ಟ್ರು ಬಂದರು. ಎಂಬತ್ತರ ಮುದುಕ, ಎಲ್ಲಿಂದಲೋ ಹುಡುಕಿ ತೆಗೆದ ಕೋಟು ಹಾಕಿಕೊಂಡಿದ್ದರು. ಅದು ಈಗ ಅವರಿಗಿಂತ ದೊಡ್ಡದಾಗಿತ್ತು.

"ಗಾಜು ಇದ್ರೆ ಕ್ಯಾಮೆರಾಗೆ ಹೊಳೆಯುತ್ತಂತಮ್ಮ. ತೆಗೆದಿಡಿ ಅಂದಿದ್ದಾರೆ."

ಇಬ್ಬರೂ ಸೇರಿ ಗಾಜಿನ ಮುಚ್ಚಳ ಎತ್ತಿ ಗೋಡೆಗೆ ಆನಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕಲ್ಲಿಗೆ ಗಾಳಿ ಸೋಕಿತು. ಮೊಣಕಾಲೆತ್ತರದ ಕಟ್ಟೆಯ ಮೇಲೆ, ಬೂದು ಬಣ್ಣದ, ಬಹಳ ಸಾಧಾರಣವಾದ ಕಲ್ಲು.

"ಪ್ರೊಫೆಸರು ಮುಟ್ಟಿ ನೋಡ್ತಾರೇನೋ ಅಲ್ವಾ?" ಎಂದರು ಮೇಷ್ಟ್ರು. ಅವರ ಧ್ವನಿಯಲ್ಲಿ ಪರೀಕ್ಷೆಗೆ ಕೂತ ಹುಡುಗನ ಅಂಜಿಕೆಯಿತ್ತು.

"ನೋಡ್ಲಿ ಬಿಡಿ. ನೀವು ಸ್ವಲ್ಪ ಕೂತ್ಕೊಳ್ಳಿ," ಎಂದು ಬೂಟಮ್ಮ ಬಕೆಟ್ಟು ಎತ್ತಿಕೊಂಡು ನೀರು ಚೆಲ್ಲಲು ಹಿತ್ತಲಿಗೆ ಹೋದಳು. ಚೆಲ್ಲಿ, ಕೈ ತೊಳೆದು, ವಾಪಸು ಬರಲು ಐದು ನಿಮಿಷವೂ ಆಗಿರಲಿಲ್ಲ.

ಬಾಗಿಲಲ್ಲೇ ನಿಂತುಬಿಟ್ಟಳು. ಒಂದು ಪುಟ್ಟ ಶೂ, ಅದರೊಳಗೆ ತುರುಕಿದ ಕಾಲುಚೀಲ, ನೆಲದ ಮೇಲೆ ಬಿದ್ದಿದ್ದವು. ಪುಟ್ಟಿ ಕಟ್ಟೆಯ ಅಂಚಿನಲ್ಲಿ ಕೂತು, ಎಡಗಾಲನ್ನು ಕಲ್ಲಿನ ಗುರುತಿನೊಳಗೆ ಇಟ್ಟಿದ್ದಳು. ಹಿಮ್ಮಡಿ ಹಿಮ್ಮಡಿಗೆ ಕೂತಿತ್ತು. ಹೆಬ್ಬೆರಳು, ಕೂಡಿದ ಬೆರಳು, ಆಮೇಲಿನ ಎರಡು ಬೆರಳು, ಒಂದೊಂದೂ ತನ್ನ ತನ್ನ ಗುಳಿಯಲ್ಲಿ. ಕೂದಲು ತೂರುವಷ್ಟೂ ಸಂದಿರಲಿಲ್ಲ.

"ತಾತ, ಸರಿಯಾಗಿ ಕೂತ್ಕೊಳ್ತು ನೋಡಿ! ತಣ್ಣಗಿದೆ!"

ಮೇಷ್ಟ್ರು ಬೆಂಚಿನಿಂದ ಎದ್ದು ಬಂದು ಬಗ್ಗಿ ನೋಡುತ್ತಿದ್ದರು. ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ತಲೆ ಎತ್ತಿದವರು ಬೂಟಮ್ಮನ ಮುಖವನ್ನು ನೋಡಲಿಲ್ಲ, ಅವಳ ಶೂಗಳನ್ನು ನೋಡಿದರು.

ಅವಳ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. "ಅಲ್ಲಿ ಸುಣ್ಣದ ಗೂಡಿತ್ತು ಮೇಷ್ಟ್ರೇ. ಅದು ಸುಣ್ಣದ ಕೆಸರು. ನನಗಾಗ ಆರು ವರ್ಷ. ಆ ಕಡೆ ಹೋಗ್ಬೇಡ ಅಂದಿದ್ಲು ಅಮ್ಮ. ಹೋದೆ. ಒಂದೇ ಹೆಜ್ಜೆ. ರಟ್ಟೆ ಹಿಡಿದು ಎಳ್ಕೊಂಡು ಎರಡು ಬಿಟ್ಲು."

ಮೇಷ್ಟ್ರು ಕಲ್ಲಿನ ಅಂಚನ್ನು ಉಗುರಿನಿಂದ ಕೆರೆದು ನೋಡಿದರು.

"ಜೋರಾಗಿ ಹೊಡೆದ್ರಾ?" ಎಂದರು ಕೊನೆಗೆ.

"ಕಾಲು ಸುಟ್ಟಿತ್ತಲ್ಲ, ಆ ಉರೀಲಿ ಏಟು ಗೊತ್ತಾಗ್ಲಿಲ್ಲ."

"ಇಪ್ಪತ್ತೆರಡು ವರ್ಷ. ಬೇಸಿಗೇಲೂ ಬಿಚ್ಚಲಿಲ್ವಲ್ಲಮ್ಮ ನೀನು." "ಹೇಳ್ಬಹುದಿತ್ತು."

"ಯಾವತ್ತು ಹೇಳ್ಲಿ? ಪುಸ್ತಕ ಬಂದ ದಿನಾನಾ? ಅಮ್ಮಾವ್ರು ತೀರ್ಕೊಂಡ ದಿನಾನಾ? ನೀವೇ ಹೇಳಿ, ಯಾವತ್ತು?"

"ಬೆರಳು ನಾನೇ ಇನ್ನೊಂದು ಸಲ ಎಣಿಸ್ಬೇಕಿತ್ತು," ಎಂದರು ಮೇಷ್ಟ್ರು. "ಲೆಕ್ಕ ತಪ್ಪಿದ್ರೆ ಮಕ್ಕಳ ಕಿವಿ ಹಿಂಡ್ತಿದ್ದೆ."

ಬೂಟಮ್ಮನ ಕಣ್ಣಲ್ಲಿ ನೀರು ಬಂತು. ಆದರೆ ಎದೆ ಹಗುರಾಗಿತ್ತು. ಅಷ್ಟು ವರ್ಷದ ಭಾರ ಇಷ್ಟು ಸಣ್ಣ ಮಾತಿನಲ್ಲಿ ಇಳಿದುಹೋಗುತ್ತದೆಂದು ಅವಳು ಎಣಿಸಿರಲಿಲ್ಲ. ಈಗಲೇ ಕೂತು ತನ್ನ ಶೂವನ್ನೂ ಬಿಚ್ಚಿ, ಆ ತಣ್ಣನೆಯ ನೆಲದ ಮೇಲೆ ಕಾಲೂರಬೇಕೆನಿಸಿತು. ಬಗ್ಗಿ ದಾರಕ್ಕೆ ಕೈ ಹಾಕಿಯೂ ಬಿಟ್ಟಳು.

ಹೊರಗೆ ವ್ಯಾನಿನ ಹಾರನ್ ಕೇಳಿಸಿತು. ಬಾಗಿಲು ತೆರೆದ ಸದ್ದು, ಏನನ್ನೋ ಇಳಿಸುವ ಸದ್ದು, "ಸರ್, ಒಳಗೆ ಬರಬಹುದಾ?" ಎನ್ನುವ ಹೆಣ್ಣಿನ ದನಿ.

ಮೇಷ್ಟ್ರು ಬಾಗಿಲ ಕಡೆ ನೋಡಿದರು, ಕಲ್ಲಿನ ಕಡೆ ನೋಡಿದರು. ಅವರ ಮುಖದಲ್ಲಿ ಏನೋ ಬಂದು ಬಂದು ಹೋಯಿತು. ಆಮೇಲೆ ನೆಟ್ಟಗೆ ನಿಲ್ಲಲಾಗದ ಆ ಮನುಷ್ಯ ಒಂದು ಕೈಯನ್ನು ಕಟ್ಟೆಗೆ ಊರಿ, ನೋಯುವ ಮಂಡಿಯನ್ನು ನೆಲಕ್ಕೆ ಹಚ್ಚಿ ಕೂತರು. ಪುಟ್ಟಿಯ ಕಾಲನ್ನು ಕಲ್ಲಿನಿಂದ ಮೆಲ್ಲಗೆ ಎತ್ತಿ, ಅಂಗಾಲಿಗೆ ಅಂಟಿದ್ದ ಧೂಳನ್ನು ಅಂಗೈಯಿಂದ ಒರೆಸಿದರು. ಕಾಲುಚೀಲ ಹಾಕಿದರು. ಶೂ ತೊಡಿಸಿದರು. ದಾರವನ್ನು ಎಳೆದು ಒಂದು ಗಂಟು ಹಾಕಿ, ಅದರ ಮೇಲೆ ಇನ್ನೊಂದು ಗಂಟು ಹಾಕಿದರು.

"ಬಿಗಿ ಆಯ್ತು ತಾತ."

"ಸ್ವಲ್ಪ ಹೊತ್ತು ಕಂದ. ಸ್ವಲ್ಪ ಹೊತ್ತು."

ಬೂಟಮ್ಮ ತನ್ನ ಶೂವಿನ ದಾರದಿಂದ ಕೈ ತೆಗೆದಳು. ಕೈ ಹಿಡಿದು ಮೇಷ್ಟ್ರನ್ನು ಎಬ್ಬಿಸಿದಳು. ಅವರ ಮೇಲೆ ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಪ್ಪತ್ತೆರಡು ವರ್ಷ ತಾನು ಮಾಡಿದ್ದನ್ನೇ ಅವರೂ ಮಾಡಿದ್ದರು. ಮೊದಲ ಸಲ ಮಾಡುತ್ತಿದ್ದರಿಂದ ಎರಡೆರಡು ಗಂಟು ಹಾಕಿದ್ದರು, ಅಷ್ಟೇ.

ದೀಪಗಳನ್ನು ನಿಲ್ಲಿಸಿದರು. ಪ್ರೊಫೆಸರ್ ಐವತ್ತರ ಹೆಂಗಸು, ಕೈಕಟ್ಟಿ ಮುಂದೆಯೇ ಕೂತರು. ಕಲ್ಲನ್ನು ಒಮ್ಮೆ ನೋಡಿದರು. ಬೂಟಮ್ಮ ಮೊಮ್ಮಗಳನ್ನು ಮಗ್ಗುಲಿಗೆ ಒತ್ತಿಕೊಂಡು ಹಿಂದಿನ ಗೋಡೆಗೆ ಒರಗಿದಳು. ಮೇಷ್ಟ್ರು ಮಾತು ಶುರು ಮಾಡಿದರು. ಮೊದಮೊದಲು ತಡವರಿಸಿದರು, ಒಂದು ಸಲ ನೀರು ಕೇಳಿದರು. ಆಮೇಲೆ ಅದೇ ಮಾತುಗಳು, ಹೇಳಿ ಹೇಳಿ ಸವೆದ ದಾರಿಯಲ್ಲಿ ತಾವಾಗಿಯೇ ನಡೆದವು. ದಿಬ್ಬ, ಕುಸಿದ ಮಣ್ಣು, ಹತ್ತು ಕೋಟಿ ವರ್ಷ, ಮೂರಡಿ ಎತ್ತರ. ಅವರು ಮಾತಾಡುತ್ತಿದ್ದಾರೋ ಮಾತು ಅವರನ್ನು ಎಳೆದುಕೊಂಡು ಹೋಗುತ್ತಿದೆಯೋ ತಿಳಿಯುತ್ತಿರಲಿಲ್ಲ.

"ಇಂಥ ಪಾದ," ಎಂದರು ಮೇಷ್ಟ್ರು, "ಇವತ್ತು ಭೂಮಿ ಮೇಲೆ ಯಾರಿಗಾದರೂ ಇದೆಯೇ? ಇದ್ದರೆ..."

ಅಲ್ಲಿಗೆ ಅವರ ಕಣ್ಣು ಪುಟ್ಟಿಯ ಶೂಗಳ ಮೇಲೆ ನಿಂತಿತು. ಟಿವಿಯವರು ಕಾದರು. ಪ್ರೊಫೆಸರ್ ಕಾದರು. ಮುಂದಿನ ಮಾತನ್ನು ಪುಟ್ಟಿ ಇಲ್ಲಿಗೆ ಬಂದಾಗಿನಿಂದ ನಾಲ್ಕು ಸಲ ಕೇಳಿದ್ದಳು.

ಅವಳ ಕೈ ಮೇಲೆದ್ದಿತು. ಬೂಟಮ್ಮ ಗಬಕ್ಕನೆ ಅದನ್ನು ಹಿಡಿದು ಕೆಳಗೆ ಎಳೆದುಕೊಂಡು, ತನ್ನ ಎರಡೂ ಅಂಗೈಯೊಳಗೆ ಬಿಗಿಯಾಗಿ ಮುಚ್ಚಿಟ್ಟುಕೊಂಡಳು.

ಪುಟ್ಟಿ ಇನ್ನೊಂದು ಕೈ ಎತ್ತಿದಳು.