ಒಂದು ಹನಿಯೂ ಇಲ್ಲ

ಟೂ ಸ್ಟ್ರೋಕ್ ಎಂಜಿನ್ ಬಗ್ಗೆ ಧರ್ಮೇಂದ್ರ ಬಾಯಿ ತೆರೆದರೆ ರವೀಂದ್ರನಗರದ ಜನ ಮೆಲ್ಲಗೆ ಗೇಟು ಹಾಕಿಕೊಳ್ಳುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ನಿಲ್ಲುತ್ತಿರಲಿಲ್ಲ. ಹಳೆಯ ಬೈಕೊಂದನ್ನು ಕೊಂಡು, ಮಡ್‌ಗಾರ್ಡ್ ಎತ್ತರಿಸಿ, ದಪ್ಪ ಹಲ್ಲಿನ ಟೈರ್ ಹಾಕಿಸಿ, ಅದಕ್ಕೆ ಡರ್ಟ್ ಬೈಕ್ ಅಂತ ಹೆಸರಿಟ್ಟಿದ್ದ. ಹತ್ತಿ ಕೂತರೆ ಅವನ ಹೊಟ್ಟೆ ಟ್ಯಾಂಕಿನ ಮೇಲೆ ಒರಗುತ್ತಿತ್ತು.

ಅವನ ಭಾಷಣಕ್ಕೆ ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದವನು ಹೆಂಡತಿ ರಂಜಿನಿಯ ತಮ್ಮ ಶಿವಕುಮಾರ್. ಭದ್ರಾವತಿಯ ನ್ಯೂ ಟೌನಿನವನು, ಅವನ ಬೈಕು ಫೋರ್ ಸ್ಟ್ರೋಕ್.

“ನಿಂದು ಕೆಟ್ರೆ ವಾಲ್ವು, ಕ್ಯಾಮು, ಚೈನು ಅಂತ ಮದುವೆ ಖರ್ಚು ಮಾರಾಯ. ನಂದು? ಪಿಸ್ಟನ್ನು, ರಿಂಗು. ನಾಮಕರಣದ ಖರ್ಚು!”

“ನಂದು ಕೆಡೋದೇ ಇಲ್ವಲ್ಲ ಭಾವ. ನೀವು ವರ್ಷಕ್ಕೆ ಎರಡು ನಾಮಕರಣ ಮಾಡ್ತಿದ್ದೀರಿ.”

ಎರಡನೆಯ ನಾಮಕರಣ ಮುಗಿದ ದಿನವೇ ರಂಜಿನಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: ಇನ್ನೊಂದು ಸಲ ಎಂಜಿನ್ ಬಿಚ್ಚಿದರೆ ಬೈಕ್ ಮಾರುವುದೇ. ತಾನು ಫ್ಯಾಕ್ಟರಿಯ ಸ್ಟೋರ್ ಕೀಪರ್ ಎನ್ನುವುದನ್ನು ಧರ್ಮೇಂದ್ರ ಮರೆಯುತ್ತಿದ್ದದ್ದು ಆ ಬೈಕಿನ ಮೇಲೆ ಮಾತ್ರ. ಯುಗಾದಿಯ ದಿನ ಅವಳು ಆಣೆ ಹಾಕಿಸಿ ಕುಡಿತವನ್ನೂ ಬಿಡಿಸಿದ್ದಳು.

ಆ ಭಾನುವಾರ ಮೂವರೂ ಮಾಚೇನಹಳ್ಳಿಯ ಖಾಲಿ ಜಾಗಕ್ಕೆ ಹೋದರು. ಅಲ್ಲೊಂದು ಕೆಮ್ಮಣ್ಣಿನ ದಿಬ್ಬವಿತ್ತು. ದಾರಿಯಲ್ಲಿ ಪೆಟ್ರೋಲ್ ಹಾಕಿಸುವಾಗ, ಟೂ ಸ್ಟ್ರೋಕಿಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸದಿದ್ದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ ಎಂದು ಧರ್ಮೇಂದ್ರ ಬಂಕಿನವನಿಗೆ ಕೈಕಾಲು ಆಡಿಸಿ ವಿವರಿಸಿದ್ದ. ಆ ಭರದಲ್ಲಿ ಎಣ್ಣೆ ಬೆರೆಸುವುದನ್ನೇ ಮಹಾನುಭಾವ ಮರೆತಿದ್ದ.

ಹೆಲ್ಮೆಟ್ ಹಾಕಿಕೊಳ್ಳುತ್ತಿರುವಾಗ ಶಿವಕುಮಾರ್ ಕೂಗಿ ಕೇಳಿದ: “ಭಾವ, ಎಣ್ಣೆ ಹಾಕಿದ್ದೀರಾ?”

ಪಕ್ಕದಲ್ಲೇ ರಂಜಿನಿ ಪುಳಿಯೋಗರೆ ಡಬ್ಬಿ ಹಿಡಿದು ನಿಂತಿದ್ದಳು. ಧರ್ಮೇಂದ್ರನ ತಲೆಗೆ ಬಂದದ್ದು ಒಂದೇ: ಹಿಂದಿನ ದಿನ ಗೆಳೆಯನ ಹುಟ್ಟುಹಬ್ಬದಲ್ಲಿ ಕದ್ದು ಏರಿಸಿದ್ದ ಎರಡು ಪೆಗ್ಗು. ಇವನಿಗೆ ಯಾರು ಹೇಳಿದರು? ಅದೂ ಅಕ್ಕನ ಎದುರೇ ಕೇಳುವುದಾ?

“ದೇವರಾಣೆ ಒಂದು ಹನಿಯೂ ಇಲ್ಲ!” ಎಂದು ಕಿರುಚಿದವನೇ ಕಿಕ್ ಹೊಡೆದು ಹೊರಟುಬಿಟ್ಟ.

ತಿರುಗಿ ನೋಡಿದರೆ ಶಿವಕುಮಾರ್ ಎರಡೂ ಕೈ ಬೀಸುತ್ತ ಹಿಂದೆ ಓಡಿಬರುತ್ತಿದ್ದ. ಪಾಪ, ಭಾವನ ಮೇಲೆ ಎಷ್ಟು ಅಭಿಮಾನ ಎಂದುಕೊಂಡು ಧರ್ಮೇಂದ್ರನೂ ಗತ್ತಿನಿಂದ ಕೈ ಬೀಸಿದ. ಸುತ್ತು ಹೊಡೆದು ಹೊಡೆದು, ಕೊನೆಗೆ ದಿಬ್ಬದ ಅರ್ಧಕ್ಕೆ ಏರಿದಾಗ ಎಂಜಿನ್ ಕಿರ್ ಎಂದು ಕಚ್ಚಿಕೊಂಡಿತು. ಬೈಕ್ ಅಲ್ಲೇ ನಿಂತಿತು. ಧರ್ಮೇಂದ್ರ ಒಬ್ಬನೇ ಸ್ವಲ್ಪ ಮುಂದೆ ಹೋಗಿ ಮಣ್ಣು ಮುಕ್ಕಿದ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಗೀರು ಬಿದ್ದ ಪಿಸ್ಟನ್ ಎತ್ತಿ ತೋರಿಸಿದ. ಈ ಸಲ ಬರೀ ನಾಮಕರಣವಲ್ಲ, ಸಿಲಿಂಡರನ್ನೂ ಒಳಗಿಂದ ಕೊರೆಸಿ ಬೋರ್ ಮಾಡಿಸಬೇಕಿತ್ತು. “ಎಣ್ಣೆನೇ ಹಾಕಿಲ್ವಲ್ಲ ಸಾರ್!”

“ನಾನು ಕೇಳ್ದೆ,” ಎಂದ ಶಿವಕುಮಾರ್. “ಒಂದು ಹನಿಯೂ ಇಲ್ಲ ಅಂದ್ರು. ನಿಲ್ಸಿ ನಿಲ್ಸಿ ಅಂತ ಓಡಿದ್ರೆ ಟಾಟಾ ಮಾಡಿದ್ರು.”

ಧರ್ಮೇಂದ್ರನಿಗೆ ಆಗ ಅರ್ಥವಾಯಿತು. ನಾಚಿಕೆಯಲ್ಲೂ ನಗು ಬಂತು. ಆದರೆ ರಂಜಿನಿ ನಗಲಿಲ್ಲ.

“ರೀ, ಬೈಕಿಗೆ ಎಣ್ಣೆ ಹಾಕಿದ್ದೀರಾ ಅಂತ ಕೇಳಿದ್ರೆ, ದೇವರಾಣೆ ಯಾಕೆ ಮಾಡಿದ್ರಿ?”

ಊರಿಗೆಲ್ಲ ಭಾಷಣ ಬಿಗಿದವನು ಹೆಲ್ಮೆಟ್ಟಿನ ಮಣ್ಣು ಕೆರೆಯತೊಡಗಿದ. ಶಿವಕುಮಾರ್ ಮೆಲ್ಲಗೆ ಹೊರಗೆ ಜಾರಿಕೊಂಡ. ರಂಜಿನಿ ಒಮ್ಮೆ ಬಿಚ್ಚಿಟ್ಟ ಎಂಜಿನ್ ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು.

“ಬೈಕ್ ಮಾರೋದು ಬೇಡ, ರಿಪೇರಿ ಮಾಡಿಸಿ. ಆದ್ರೆ ನಮ್ಮನೇಲಿ ಎಣ್ಣೆ ಕುಡಿಯೋದು ಒಂದೇ ಇರ್ಲಿ. ಅದೋ, ನೀವೋ?”

ಧರ್ಮೇಂದ್ರ ಮಣ್ಣು ಮೆತ್ತಿದ ಹೆಲ್ಮೆಟ್ಟನ್ನು ಎದೆಗೊತ್ತಿಕೊಂಡು ನಿಂತಿದ್ದ.

“ಅದೇ ಕುಡೀಲಿ ಬಿಡು,” ಎಂದ.