ಮಾರ್ಚ್ ಹನ್ನೆರಡು

ನಾನು ಎರಡು ಸಲ ಹುಟ್ಟಿದವಳು. ಮೊದಲನೆಯದಕ್ಕೆ ಕೋಲಾರದ ಆಸ್ಪತ್ರೆಯ ಕಾಗದವಿದೆ. ಎರಡನೆಯದಕ್ಕೆ ನನ್ನ ಬಾಯಿಮಾತು ಬಿಟ್ಟರೆ ಇನ್ನೇನೂ ಇಲ್ಲ, ಅದೂ ಶುದ್ಧ ಸುಳ್ಳು.

ಅಪ್ಪ ಹಳೆಯ ಮೆಥಡಿಸ್ಟ್ ಸಭೆಯವರು. ಮೂರು ತಿಂಗಳ ಕೂಸಾಗಿದ್ದಾಗಲೇ ನನ್ನ ಹಣೆಗೆ ನೀರು ಹಾಕಿಸಿದ್ದರು. ಹೊಸ ಹುಟ್ಟೆಂದರೆ ಅವರಿಗೆ ಅಲ್ಲಿಂದ ಶುರುವಾಗಿ ಸಾಯುವ ತನಕ ನಡೆಯುವ ಕೆಲಸ. ಅದಕ್ಕೊಂದು ತಾರೀಖು ಇರುತ್ತದೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮುಳಬಾಗಿಲಿನ ಸುರೇಶನನ್ನು ಇಷ್ಟಪಟ್ಟ ಮೇಲೆ ತಾರೀಖು ಬೇಕಾಯಿತು. ಅವರದು ಪೆಂತೆಕೋಸ್ತ್ ಸಭೆ. ಮದುವೆಗೆ ಮುಂಚೆ ವೇಣು ಪಾಸ್ಟರ್ ನನ್ನನ್ನು ಎದುರಿಗೆ ಕೂರಿಸಿಕೊಂಡರು.

“ಹೊಸದಾಗಿ ಹುಟ್ಟಿದ್ದು ಯಾವತ್ತಮ್ಮಾ, ಸುನಂದಾ?”

“ಮಗು ಇದ್ದಾಗ್ಲೇ ದೀಕ್ಷಾಸ್ನಾನ ಆಗಿದೆ, ಪಾಸ್ಟರ್.”

“ಅದು ನಿಮ್ಮಪ್ಪನ ನಂಬಿಕೆ. ನಿಂದು ಯಾವಾಗ?”

ತಾರೀಖಿಲ್ಲದಿದ್ದರೆ ಮದುವೆಯಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮಾರ್ಚ್ ತಿಂಗಳಿತ್ತು. “ಹೋದ ವರ್ಷ ಮಾರ್ಚ್ ಹನ್ನೆರಡು,” ಎಂದೆ. ಯಲ್ದೂರಿನ ಮಾವಿನ ತೋಟವೊಂದರ ಕೃಷಿ ಹೊಂಡದಲ್ಲಿ ನನ್ನನ್ನು ಪೂರ್ತಿ ಮುಳುಗಿಸಿ ಎತ್ತಿದರು. ಅದನ್ನು ನೋಡಲು ಅಪ್ಪ ಬರಲಿಲ್ಲ.

ಈಗ ಒಂಬತ್ತು ವರ್ಷ. ಪ್ರತಿ ಮಾರ್ಚಿನಲ್ಲೂ ಅತ್ತೆ ಭಾರತಮ್ಮ ಕೇಸರಿಬಾತ್ ಮಾಡಿ ಸಭೆಗೆಲ್ಲ ಹಂಚುತ್ತಾರೆ, ನಾನು ಮೈಕು ಹಿಡಿದು ಹೊಸದಾಗಿ ಹುಟ್ಟಿದ ದಿನದ ಸಾಕ್ಷಿ ಹೇಳುತ್ತೇನೆ. ಮೊದಲ ವರ್ಷ ಎರಡೇ ಮಾತು ಹೇಳಿದ್ದೆ. ಆಮೇಲೆ ಸುಳ್ಳು ಮೈಕೈ ತುಂಬಿಕೊಂಡಿತು. ಅಪ್ಪನ ಮನೆ ಹಿತ್ತಲ ಸೀಬೆಮರ ಬಂತು, ಊರಿದ ಮೊಣಕಾಲು ಬಂತು, ಎದೆಯ ಮೇಲಿನ ರುಬ್ಬುಗುಂಡು ಸರಿದಂಥ ಹಗುರ ಬಂತು. ಅತ್ತೆ ಪ್ರತಿ ಸಲ ಅಳುತ್ತಾರೆ. ಅವರಿಗೆ ಅಂಥದೊಂದು ದಿನ ನಿಜಕ್ಕೂ ಬಂದಿತ್ತು. ಕುಡಿಯಲೆಂದು ಎತ್ತಿದ್ದ ವಿಷದ ಬಾಟಲಿ ಕೆಳಗಿಟ್ಟ ದಿನ ಅದು. ಆ ಹೆಂಗಸಿನ ಎದುರು ಸುಳ್ಳಾಡಿ ನನಗೆ ನನ್ನ ಮೇಲೇ ಹೇಸಿಗೆ.

ಈ ಸಲ ಹನ್ನೆರಡನೇ ತಾರೀಖು ಭಾನುವಾರವೇ ಬಂದಿತ್ತು. ಶನಿವಾರ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ನಾದಿನಿ ಶ್ಯಾಮಲಾ ಬಂದಳು. ಹದಿನೆಂಟರ ಹುಡುಗಿ. ಮುಂದಿನ ವಾರ ಅವಳ ದೀಕ್ಷಾಸ್ನಾನ, ಅಷ್ಟರಲ್ಲಿ ಅವಳಿಗೂ ತಾರೀಖು ಬೇಕಿತ್ತು.

“ಅತ್ತಿಗೆ, ಉಪವಾಸ ಇದ್ದೆ, ಅತ್ತೂ ನೋಡ್ದೆ. ನಂಗೇನೂ ಆಗ್ತಿಲ್ಲ. ದೇವ್ರಿಗೆ ನಾನು ಬೇಡ್ವೇನೋ.”

“ಹಂಗೆಲ್ಲ ಅನ್ಬಾರ್ದು ಕಣೇ.”

“ನಿಮ್ಗೆ ನಿಜವಾಗ್ಲೂ ಆಯ್ತಾ?”

ಅಡಿಗೆಮನೆಯಲ್ಲಿ ಅತ್ತೆ ರವೆ ಹುರಿಯುವ ಸದ್ದು ಕೇಳುತ್ತಿತ್ತು.

“ಆಯ್ತು ಕಣೇ,” ಎಂದೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಅವಳು ತಲೆ ತಗ್ಗಿಸಿ ಒಳಗೆ ಹೋದಳು. ಆ ನಡಿಗೆ ನೋಡಿ ನಾಳೆ ಸಭೆಯಲ್ಲೇ ನಿಜ ಹೇಳಿಬಿಡುವುದೆಂದು ತೀರ್ಮಾನಿಸಿದೆ. ಸುರೇಶ ಬಿಟ್ಟರೆ ಬಿಡಲಿ, ಈ ಹುಡುಗಿಯಾದರೂ ಉಸಿರಾಡಲಿ.

ಭಾನುವಾರ ಎದ್ದು ನಿಂತೆ. ನಾನು ಕೈ ಚಾಚುವ ಮೊದಲೇ ಶ್ಯಾಮಲಾ ಮೈಕು ತೆಗೆದುಕೊಂಡಳು.

“ನಿನ್ನೆ ಸಂಜೆ ನಾನು ಹೊಸದಾಗಿ ಹುಟ್ಟಿದೆ. ಹಿತ್ತಲ ಸೀಬೆಮರದ ಕೆಳಗೆ ಮೊಣಕಾಲೂರಿದೆ. ಎದೆ ಮೇಲಿಂದ ರುಬ್ಬುಗುಂಡು ಸರಿದ ಹಂಗಾಯ್ತು.”

ಮುಳಬಾಗಿಲಿನ ನಮ್ಮ ಹಿತ್ತಲಲ್ಲಿ ಸೀಬೆಮರವೇ ಇಲ್ಲ. ಅದು ಯಾರಿಗೂ ನೆನಪಾಗಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಅತ್ತೆ ಅಳುತ್ತ ತೆಲುಗಿನಲ್ಲಿ ದೇವರಿಗೆ ಸ್ತೋತ್ರ ಹೇಳಿದರು.

ಶ್ಯಾಮಲಾ ಮೈಕನ್ನು ನನ್ನ ಕೈಗಿಟ್ಟಳು. ಅವಳ ಬೆರಳು ತಣ್ಣಗಿದ್ದವು. ನನ್ನನ್ನೊಮ್ಮೆ ನೋಡಿ ಕಣ್ಣು ತಗ್ಗಿಸಿದಳು. ನಾನೀಗ ನಿಜ ಹೇಳಿದರೆ ಮೊದಲು ಬೀಳುವವಳು ಅವಳೇ.

“ಹತ್ತು ವರ್ಷದ ಹಿಂದೆ, ಇದೇ ಮಾರ್ಚ್ ಹನ್ನೆರಡು,” ಎಂದು ಶುರು ಮಾಡಿದೆ.